ಅಂಗಡಿ ಬೋರ್ಡಿನ ದಪ್ಪಕ್ಷರದ ಹಿಂದೆ ಒಬ್ಬ ಲಂಡನ್ ಮೇಯರ್: ರಾಬರ್ಟ್ ಬೆಸ್ಲಿ ಕಥೆ

ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುವ ವೋಲ್ವೋ ಬಸ್ಸಿನ ಮುಂಭಾಗದಲ್ಲಿರುವ ಇಂಗ್ಲಿಷ್ ಹೆಸರನ್ನು ಒಮ್ಮೆ ಸರಿಯಾಗಿ ನೋಡಿ. ಟಿವಿ ಅಂಗಡಿಯ ಸೋನಿ, ಶೋರೂಮಿನ ನೆತ್ತಿ ಮೇಲಿನ ಹೋಂಡಾ ಕೂಡ ಅಷ್ಟೇ. ಅಕ್ಷರದ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ ದಪ್ಪನೆಯ ಒಂದು ಅಡ್ಡಪಟ್ಟಿ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಹಾಗೆ ಗಟ್ಟಿಯಾಗಿ ಕೂತಿರುತ್ತವೆ. ದೂರದಿಂದ, ಓಡುವ ಬಸ್ಸಿನ ಮೇಲೆ, ಮಳೆಯಲ್ಲಿ ಕೂಡ ಓದೋಕೆ ಬರುತ್ತದೆ.

ಮುದ್ರಣದವರು ಈ ಜಾತಿಯ ಅಕ್ಷರಕ್ಕೆ ಸ್ಲ್ಯಾಬ್ ಸೆರಿಫ್ ಅನ್ನುತ್ತಾರೆ. ಕನ್ನಡದ ಅಕ್ಷರಕ್ಕೆ ತಲೆಕಟ್ಟು ಇದ್ದಂತೆ ಇಂಗ್ಲಿಷ್ ಅಕ್ಷರದ ತುದಿಗಳಲ್ಲಿ ಸಣ್ಣ ಅಡ್ಡಗೆರೆ ಇರುತ್ತದೆ, ಅದೇ ಸೆರಿಫ್. ಪೂರ್ತಿ ಹೋಲಿಕೆ ಅಲ್ಲ, ಆದರೆ ಅರ್ಥವಾಗೋಕೆ ಸಾಕು. ಆ ಗೆರೆ ಚಪ್ಪಡಿಯಷ್ಟು ದಪ್ಪವಾದರೆ ಸ್ಲ್ಯಾಬ್. ಮೇಲೆ ಹೇಳಿದ ಕಂಪನಿಗಳು ತಮ್ಮ ತಮ್ಮ ಹೆಸರನ್ನು ತಾವೇ ಬರೆಸಿಕೊಂಡಿವೆ. ಆದರೆ ಆ ಅಕ್ಷರಗಳ ಮನೆತನ ಹಳೆಯದು, ಸುಮಾರು 200 ವರ್ಷದ್ದು, ಹುಟ್ಟಿದ್ದು ಲಂಡನ್ನಿನಲ್ಲಿ. ಆ ಮನೆತನದಲ್ಲಿ ಎಲ್ಲರಿಗಿಂತ ಹೆಸರು ಮಾಡಿದ್ದು 1845ರಲ್ಲಿ ಬಂದ ಕ್ಲಾರೆಂಡನ್ ಎಂಬ ಅಕ್ಷರ. ಅದನ್ನು ಹೊರತಂದ ವ್ಯಾಪಾರಿಯೇ ರಾಬರ್ಟ್ ಬೆಸ್ಲಿ.

ಬೆಸ್ಲಿ ಹುಟ್ಟಿದ್ದು 1794ರಲ್ಲಿ, ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಸೀಮೆಯ ಎಕ್ಸಿಟರ್ ಪಟ್ಟಣದಲ್ಲಿ. ಮೂವತ್ತು ದಾಟಿದ ಮೇಲೆ, 1826ರಲ್ಲಿ, ಲಂಡನ್ನಿನ ಫ್ಯಾನ್ ಸ್ಟ್ರೀಟ್‌ನಲ್ಲಿದ್ದ ಒಂದು ಮೊಳೆ ಎರಕದ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ಆಗ ಅದರ ಮಾಲೀಕರು ವಿಲಿಯಂ ಥರೋಗುಡ್.

ಅಚ್ಚುಮೊಳೆ ಅಂದರೆ ಹಳೇ ಪ್ರೆಸ್ ನೋಡಿದವರಿಗೆ ಗೊತ್ತು. ಸೀಸದ ಸಣ್ಣ ಕಡ್ಡಿ, ತುದಿಯಲ್ಲಿ ತಿರುಗುಮುರುಗಾದ ಅಕ್ಷರ. ಲಗ್ನಪತ್ರಿಕೆ ಆಗಲಿ, ಬಿಲ್ ಬುಕ್ ಆಗಲಿ, ಕಂಪ್ಯೂಟರ್ ಬರೋ ತನಕ ಕಂಪೋಸಿಟರ್ ಒಂದೊಂದೇ ಮೊಳೆ ಹೆಕ್ಕಿ ಸಾಲು ಕಟ್ಟಬೇಕಿತ್ತು. ಆ ಮೊಳೆಗಳನ್ನು ಪ್ರೆಸ್ಸಿನವರು ತಾವೇ ಮಾಡಿಕೊಳ್ಳುತ್ತಿರಲಿಲ್ಲ, ಫೌಂಡ್ರಿಯಿಂದ ತೂಕದ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಫೌಂಡ್ರಿಯಲ್ಲಿ ಕೆಲಸ ಹೀಗೆ ನಡೆಯುತ್ತಿತ್ತು. ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಒಬ್ಬ ಕುಶಲಕರ್ಮಿ ಅಕ್ಷರವನ್ನು ಕೊರೆಯಬೇಕು. ಅದು ಪಂಚ್. ಅದನ್ನು ತಾಮ್ರದ ತುಂಡಿನ ಮೇಲೆ ಹೊಡೆದರೆ ಅಕ್ಷರದ ಗುಳಿ ಬೀಳುತ್ತದೆ. ಆ ಗುಳಿಯ ಮೇಲೆ ಅಚ್ಚು ಕೂರಿಸಿ, ಸೀಸ, ಆಂಟಿಮನಿ, ತವರ ಬೆರೆಸಿ ಕಾಯಿಸಿದ ಲೋಹ ಸುರಿದರೆ ಮೊಳೆ ಸಿದ್ಧ. ಒಂದು ಅಳತೆಯ ಅಕ್ಷರಕ್ಕೆ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ ನೂರರ ಹತ್ತಿರ ಪಂಚ್ ಬೇಕು. ಅಳತೆ ಬದಲಾದರೆ ಮತ್ತೆ ಮೊದಲಿಂದ. ಹಣ, ಸಮಯ, ಕಣ್ಣು ಮೂರೂ ಖರ್ಚಾಗುವ ಕಸುಬು. ಇದನ್ನು ನೆನಪಿಟ್ಟುಕೊಂಡರೆ ಮುಂದೆ ಬೆಸ್ಲಿಗೆ ಆದ ನಷ್ಟ ಎಂಥದ್ದು ಅಂತ ತಿಳಿಯುತ್ತದೆ.

ಫ್ಯಾನ್ ಸ್ಟ್ರೀಟ್ ಫೌಂಡ್ರಿಯದ್ದೇ ಒಂದು ಕಥೆ. ಅದನ್ನು ಬೆಳೆಸಿದವರು ರಾಬರ್ಟ್ ಥಾರ್ನ್. ಬೀದಿ ಗೋಡೆಯ ಪೋಸ್ಟರಿಗೆ ಬೇಕಾದ ಭಾರೀ ದಪ್ಪ ಅಕ್ಷರಗಳಿಗೆ ಹೆಸರಾದವರು. 1820ರಲ್ಲಿ ಅವರು ತೀರಿಕೊಂಡಾಗ ಫೌಂಡ್ರಿ ಹರಾಜಿಗೆ ಬಂತು. ಕೊಂಡುಕೊಂಡ ಥರೋಗುಡ್‌ಗೆ ಈ ಕಸುಬಿನ ಗಂಧವೇ ಇರಲಿಲ್ಲ. ಲಾಟರಿ ಹೊಡೆದಿತ್ತು, ಆ ದುಡ್ಡು ಹಾಕಿ ಕೊಂಡರು! ಇನ್ನೊಂದು ತಮಾಷೆ ಏನಂದರೆ, ಆ ಕಾಲದಲ್ಲಿ ದಪ್ಪ ಅಕ್ಷರದ ದೊಡ್ಡ ಗಿರಾಕಿಗಳಲ್ಲಿ ಲಾಟರಿ ಏಜೆಂಟರೂ ಇದ್ದರು. ನಾಳೆಯೇ ಡ್ರಾ, ಬೇಗ ಬನ್ನಿ ಅಂತ ಗೋಡೆ ತುಂಬ ಕೂಗುವ ಪೋಸ್ಟರು ಅವರಿಗೆ ಬೇಕಿತ್ತು. ಬೆಸ್ಲಿ ಕೆಲಸಕ್ಕೆ ಸೇರಿದ 1826ರಲ್ಲೇ ಇಂಗ್ಲೆಂಡಿನ ಸರ್ಕಾರಿ ಲಾಟರಿಯ ಕೊನೆಯ ಡ್ರಾ ನಡೆದು ಆ ವ್ಯವಹಾರ ಮುಚ್ಚಿತು. ಪೋಸ್ಟರ್ ಮಾತ್ರ ನಿಲ್ಲಲಿಲ್ಲ. ನಾಟಕ, ಸರ್ಕಸ್, ಹರಾಜು, ಔಷಧಿ, ಬೂಟು, ಟೀ ಸೊಪ್ಪು, ಎಲ್ಲದಕ್ಕೂ ಪೋಸ್ಟರು.

ಸ್ಲ್ಯಾಬ್ ಅಕ್ಷರ ಹುಟ್ಟಿದ್ದೂ ಇದೇ ಗದ್ದಲದಲ್ಲಿ. ಲಂಡನ್ನಿನ ಇನ್ನೊಬ್ಬ ಫೌಂಡ್ರಿ ಮಾಲೀಕ ವಿನ್ಸೆಂಟ್ ಫಿಗಿನ್ಸ್ 1815-17ರ ಸುಮಾರಿಗೆ ಆಂಟಿಕ್ ಎಂಬ ಹೆಸರಲ್ಲಿ ಮೊದಲ ಮಾದರಿ ತೋರಿಸಿದರು. ಥಾರ್ನ್ ಸಾಯುವ ಮುಂಚೆ ತಯಾರು ಮಾಡಿದ್ದ ಅಂಥದ್ದೇ ಅಕ್ಷರವನ್ನು ಥರೋಗುಡ್ 1821ರಲ್ಲಿ ಈಜಿಪ್ಶಿಯನ್ ಎಂಬ ಹೆಸರಲ್ಲಿ ಮಾರಾಟಕ್ಕಿಟ್ಟರು. ಈಜಿಪ್ಟಿಗೂ ಅಕ್ಷರಕ್ಕೂ ಸಂಬಂಧ ಏನೂ ಇಲ್ಲ. ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದ ಮೇಲೆ ಯುರೋಪಿನಲ್ಲಿ ಮೇಜು, ಕುರ್ಚಿ, ಕಟ್ಟಡ, ಒಡವೆ ಎಲ್ಲಕ್ಕೂ ಈಜಿಪ್ಟಿನ ಹುಚ್ಚು ಹತ್ತಿತ್ತು. ಹಿಟ್ ಸಿನಿಮಾದ ಹೆಸರನ್ನು ಸೀರೆಗೆ ಇಡುವುದಿಲ್ಲವೇ, ಹಾಗೆ.

ಈ ಮೊದಲ ಸ್ಲ್ಯಾಬ್ ಅಕ್ಷರಗಳು ಗೋಡೆಗೆ ಸರಿ, ಪುಸ್ತಕಕ್ಕೆ ಅಲ್ಲ. ಎಲ್ಲ ಗೆರೆಯೂ ಒಂದೇ ದಪ್ಪ, ಅಡ್ಡಪಟ್ಟಿಗಳು ಕತ್ತರಿಸಿ ಅಂಟಿಸಿದ ಹಾಗೆ ಚೌಕ. ಒಂದು ಸಾಲಿನ ನಡುವೆ ಒಂದು ಪದವನ್ನು ಎದ್ದು ಕಾಣಿಸಬೇಕು ಅಂತ ಇದನ್ನು ಹಾಕಿದರೆ ಮದುವೆ ಊಟದ ಪಂಕ್ತಿಯಲ್ಲಿ ಒಬ್ಬನೇ ಮೈಕ್ ಹಿಡಿದು ಮಾತಾಡಿದಂತಾಗುತ್ತಿತ್ತು. ಅದಕ್ಕೂ ಹಿಂದೆ ಒಂದು ಪದಕ್ಕೆ ಒತ್ತು ಕೊಡಬೇಕಾದರೆ ಇಟಾಲಿಕ್ ಹಾಕುತ್ತಿದ್ದರು, ಇಲ್ಲವೇ ಎಲ್ಲ ದೊಡ್ಡಕ್ಷರ, ಇಲ್ಲವೇ ಹಳೇ ಗಾಥಿಕ್ ಅಕ್ಷರ. ಇವತ್ತು ಮೊಬೈಲಿನಲ್ಲಿ ಬೆರಳು ಒತ್ತಿ ಬೋಲ್ಡ್ ಮಾಡ್ತೀವಲ್ಲ, ಹಾಗೆ ಅದೇ ಅಕ್ಷರದ ದಪ್ಪ ಅಣ್ಣನನ್ನು ಪಕ್ಕದಲ್ಲಿ ನಿಲ್ಲಿಸುವ ಪದ್ಧತಿಯೇ ಇರಲಿಲ್ಲ.

ಬೆಸ್ಲಿ 1838ರಲ್ಲಿ ಪಾಲುದಾರರಾದರು. ಹನ್ನೆರಡು ವರ್ಷ ಸಂಬಳಕ್ಕೆ ದುಡಿದು, ಆಮೇಲೆ ಮಾಲೀಕರ ಪಕ್ಕದ ಕುರ್ಚಿ. ಏಳು ವರ್ಷದ ನಂತರ ಕ್ಲಾರೆಂಡನ್ ಬಂತು.

ಇಂಗ್ಲೆಂಡಿನಲ್ಲಿ ಅದು ರೈಲಿನ ಹುಚ್ಚು ನೆತ್ತಿಗೇರಿದ್ದ ಕಾಲ. ದಿನಕ್ಕೊಂದು ರೈಲ್ವೆ ಕಂಪನಿ, ಅದಕ್ಕೊಂದು ಷೇರು ಪತ್ರ, ವೇಳಾಪಟ್ಟಿ, ದರಪಟ್ಟಿ. ನಿಘಂಟು, ಡೈರೆಕ್ಟರಿ, ಕ್ಯಾಟಲಾಗುಗಳ ಕಾಲವೂ ಹೌದು. ಇಂಥ ಮುದ್ರಣವನ್ನು ಯಾರೂ ಮೊದಲಿಂದ ಕೊನೆಗೆ ಓದುವುದಿಲ್ಲ, ಹುಡುಕುತ್ತಾರೆ. ಹುಡುಕುವ ಕಣ್ಣಿಗೆ ಒಂದು ಗೂಟ ಬೇಕು. ಕಿರಾಣಿ ಅಂಗಡಿಯಲ್ಲಿ ನೂರು ಡಬ್ಬಿ ಇದ್ದರೂ ಮೇಲಿನ ಚೀಟಿ ನೋಡಿ ಕೈ ಹಾಕುತ್ತಾರಲ್ಲ, ಆ ಚೀಟಿಯ ಕೆಲಸವನ್ನು ಮಾಡುವ ಅಕ್ಷರ ಬೇಕಿತ್ತು. ಬೆಸ್ಲಿ ಕೊಟ್ಟಿದ್ದು ಅದನ್ನೇ.

ಕ್ಲಾರೆಂಡನ್ ನೋಡೋಕೆ ಹೇಗಿದೆ? ದಪ್ಪ ಇದೆ, ಆದರೆ ಪೋಸ್ಟರಿನಷ್ಟು ಅಲ್ಲ. ಸ್ವಲ್ಪ ಒತ್ತಾಗಿ, ಕಿರಿದಾಗಿದೆ, ಹಾಗಾಗಿ ಸಾಲಿನಲ್ಲಿ ಹೆಚ್ಚು ಜಾಗ ತಿನ್ನುವುದಿಲ್ಲ. ಚಿಕ್ಕಕ್ಷರಗಳ ಹೊಟ್ಟೆ ದೊಡ್ಡದು, ಮೇಲೆ ಕೆಳಗೆ ಚಾಚುವ ಬಾಲಗಳು ಗಿಡ್ಡ. ಗೆರೆಗಳಲ್ಲಿ ದಪ್ಪ ತೆಳುವಿನ ವ್ಯತ್ಯಾಸ ಒಂಚೂರು ಉಳಿದಿದೆ. ಎಲ್ಲಕ್ಕಿಂತ ಮುಖ್ಯ, ಅಡ್ಡಪಟ್ಟಿ ಕಂಬಕ್ಕೆ ಸೇರುವಲ್ಲಿ ಚೌಕವಾಗಿ ಕೂರದೆ ಮರದ ಬುಡದಂತೆ ಅಗಲವಾಗಿ ಬಾಗಿ ಸೇರುತ್ತದೆ. ಅದೇ ಕಾಲದ ಪುಸ್ತಕದ ಅಕ್ಷರದ ಚಹರೆಯೇ ಇದರಲ್ಲೂ ಇದೆ, ಆರ್ ಅಕ್ಷರದ ಸುರುಳಿ ಕಾಲು, ಸಿ ಅಕ್ಷರದ ತುದಿಯ ಗುಂಡು ಎಲ್ಲ ಸೇರಿ. ಹಾಗಾಗಿ ಸಾಧಾರಣ ಅಕ್ಷರದ ಸಾಲಿನಲ್ಲಿ ಇದನ್ನು ಕೂರಿಸಿದರೆ ನೆಂಟನಂತೆ ಕಾಣುತ್ತದೆಯೇ ಹೊರತು ಹೊರಗಿನವನಂತೆ ಅಲ್ಲ. ಗೋಡೆಯ ಮೇಲಿನ ಕೂಗನ್ನು ಸಾಲಿನೊಳಗೆ ತಂದು, ಸ್ವಲ್ಪ ದನಿ ತಗ್ಗಿಸಿ ಕೂರಿಸಿದ್ದು ಬೆಸ್ಲಿಯ ಜಾಣತನ. ಆ ಹೆಸರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ಲಾರೆಂಡನ್ ಪ್ರೆಸ್‌ನಿಂದ ಬಂತು ಅನ್ನುವ ಮಾತಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಅಕ್ಷರಗಳನ್ನು ಉಕ್ಕಿನಲ್ಲಿ ಕೊರೆದ ಕೈ ಬೆಸ್ಲಿಯದ್ದಲ್ಲ. ಕೊರೆದವರು ಫೌಂಡ್ರಿಯ ಬೆಂಜಮಿನ್ ಫಾಕ್ಸ್. ಬೆಸ್ಲಿ ಹೀಗೆ ಬೇಕು, ಹಾಗೆ ಬೇಕು ಅಂತ ಹೇಳಿರಬಹುದು. ಆದರೆ ಬಾಗು ಎಷ್ಟು, ಪಟ್ಟಿ ಎಷ್ಟು ದಪ್ಪ ಅನ್ನುವುದು ಕೊನೆಗೆ ತೀರ್ಮಾನ ಆಗುವುದು ಅರದ ತುದಿಯಲ್ಲಿ. ಮನೆ ಕಟ್ಟಿಸಿದವರ ಹೆಸರು ಗೇಟಿನ ಮೇಲೆ ಇರುತ್ತದೆ, ಮೇಸ್ತ್ರಿಯ ಹೆಸರು ಇರುವುದಿಲ್ಲ. ಫಾಕ್ಸ್ ವಿಷಯದಲ್ಲೂ ಬಹುಕಾಲ ಹಾಗೇ ಆಯಿತು.

ಬೆಸ್ಲಿ ವ್ಯಾಪಾರ ಬಲ್ಲವರು. ಇದು ಓಡುವ ಮಾಲು ಅಂತ ಗೊತ್ತಾಗಿತ್ತು. ಬ್ರಿಟನ್ನಿನಲ್ಲಿ 1842ರಲ್ಲಿ ಅಲಂಕಾರ ವಿನ್ಯಾಸಗಳ ರಕ್ಷಣೆಗೆ ಒಂದು ಕಾಯ್ದೆ ಬಂದಿತ್ತು. ಬಟ್ಟೆಯ ಮೇಲಿನ ಹೂಬಳ್ಳಿ, ಗೋಡೆ ಕಾಗದ, ಲೋಹದ ಸಾಮಾನು ಇಂಥವುಗಳ ವಿನ್ಯಾಸವನ್ನು ಪಕ್ಕದವನು ಕದಿಯಬಾರದು ಅಂತ. ಅದರಡಿ 1845ರಲ್ಲಿ ಕ್ಲಾರೆಂಡನ್ ನೋಂದಣಿಯಾಯಿತು. ಅಚ್ಚಿನ ಅಕ್ಷರವೊಂದಕ್ಕೆ ಕಾನೂನಿನ ಬೇಲಿ ಹಾಕಿಸಿದ್ದು ಅಂದಿನ ಕಾಲಕ್ಕೆ ಹೊಸ ಯೋಚನೆ.

ಬೇಲಿಯ ಆಯುಷ್ಯ ಮೂರೇ ವರ್ಷ.

1848ಕ್ಕೆ ಅವಧಿ ಮುಗಿಯಿತು. ಮುಗಿದದ್ದೇ ತಡ, ಬೇರೆ ಫೌಂಡ್ರಿಗಳೆಲ್ಲ ತಮ್ಮ ತಮ್ಮ ಕ್ಲಾರೆಂಡನ್ ಹೊರತಂದವು. ಹೆಸರನ್ನೂ ಬಿಡಲಿಲ್ಲ. ಕೆಲವರು ಸ್ವಂತ ಪಂಚ್ ಕೊರೆಸಿದರು. ಅಷ್ಟು ಕಷ್ಟ ಪಡದವರಿಗೆ ಆ ದಶಕದಲ್ಲೇ ಇನ್ನೊಂದು ದಾರಿಯೂ ತೆರೆದುಕೊಂಡಿತ್ತು. ಅಂಗಡಿಯಿಂದ ಕೊಂಡ ಮೊಳೆಯ ಮೇಲೆ ವಿದ್ಯುತ್ತಿನಿಂದ ತಾಮ್ರ ಕೂರಿಸಿದರೆ ಗುಳಿ ಸಿದ್ಧ, ಪಂಚ್ ಕೊರೆಯುವ ಗೋಜೇ ಇಲ್ಲ. ವರ್ಷಗಟ್ಟಲೆ ಕೂತು ಕೊರೆದದ್ದನ್ನು ಕೆಲವೇ ವಾರದಲ್ಲಿ ಎತ್ತಿಕೊಳ್ಳಬಹುದು. ಪೇಟೆಯಲ್ಲಿ ಒಬ್ಬರ ಹೋಟೆಲ್ ಚೆನ್ನಾಗಿ ನಡೆದರೆ ಎದುರುಗಡೆ ಅದೇ ಹೆಸರಿಗೆ ಮುಂದೆ ಶ್ರೀ ಅಥವಾ ನ್ಯೂ ಸೇರಿಸಿ ಇನ್ನೊಂದು ಹೋಟೆಲ್ ಏಳುತ್ತದಲ್ಲ, ಆ ನೋವು ಗೊತ್ತಿರುವ ವ್ಯಾಪಾರಿಗಳಿಗೆ ಬೆಸ್ಲಿಯ ಪರಿಸ್ಥಿತಿ ವಿವರಿಸಬೇಕಿಲ್ಲ.

ಹಾಗಂತ ಬೆಸ್ಲಿಗೆ ಅನ್ಯಾಯವೇ ಆಯಿತು ಅಂತ ಪೂರ್ತಿ ಒಪ್ಪುವುದೂ ಕಷ್ಟ. ದಪ್ಪ ಅಡ್ಡಪಟ್ಟಿಯ ಕಲ್ಪನೆ ಫಿಗಿನ್ಸ್, ಥಾರ್ನ್ ಅವರಿಂದ ಬಂದದ್ದು. ಅಯಾನಿಕ್ ಎಂಬ ಹೆಸರಲ್ಲಿ ಇದಕ್ಕೆ ತೀರಾ ಹತ್ತಿರದ ಅಕ್ಷರಗಳು ಅದೇ ವರ್ಷಗಳಲ್ಲಿ ಬೇರೆಡೆಯೂ ಬರುತ್ತಿದ್ದವು. ಪುಸ್ತಕದ ಅಕ್ಷರದ ಚಹರೆ ಎಲ್ಲರ ಸೊತ್ತು. ಬೆಸ್ಲಿ ಮತ್ತು ಫಾಕ್ಸ್ ಮಾಡಿದ್ದು ಇರುವ ಸಾಮಗ್ರಿಯಿಂದ ಹದ ಹಿಡಿದು ಮಾಡಿದ ಅಡುಗೆ. ಆದರೆ ಹದ ಹಿಡಿಯೋದೇ ಅಲ್ಲವೇ ಕಷ್ಟ. ಮೂರು ವರ್ಷ ಅನ್ನುವುದು ಹಾಕಿದ ಬಂಡವಾಳಕ್ಕೆ ತೀರಾ ಕಡಿಮೆ, ಅದರಲ್ಲಿ ಅನುಮಾನ ಇಲ್ಲ.

ಬೆಸ್ಲಿ ಅಳುತ್ತ ಕೂರಲಿಲ್ಲ. 1849ರಲ್ಲಿ ಥರೋಗುಡ್ ನಿವೃತ್ತರಾದರು. ಬೆಸ್ಲಿ ಫಾಕ್ಸ್ ಅವರನ್ನು ಪಾಲಿಗೆ ಸೇರಿಸಿಕೊಂಡರು. ಬೋರ್ಡಿನ ಮೇಲೆ ಬರೆದದ್ದು ಮಾತ್ರ ರಾಬರ್ಟ್ ಬೆಸ್ಲಿ ಅಂಡ್ ಕಂಪನಿ. ಮುಂದಿನ ಹನ್ನೆರಡು ವರ್ಷ ಮುದ್ರಣದವರಿಗೆ ಸುಗ್ಗಿ. 1853ರಲ್ಲಿ ಬ್ರಿಟನ್ ಜಾಹೀರಾತಿನ ಮೇಲಿನ ತೆರಿಗೆ ತೆಗೆಯಿತು. 1855ರಲ್ಲಿ ಪತ್ರಿಕೆಗಳ ಸ್ಟಾಂಪ್ ತೆರಿಗೆ ಹೋಯಿತು, 1861ರಲ್ಲಿ ಕಾಗದದ ತೆರಿಗೆ. ಪೇಪರು ಅಗ್ಗ, ಜಾಹೀರಾತು ಅಗ್ಗ, ಹಾಗಾಗಿ ಮೊಳೆಗೆ ಗಿರಾಕಿ ಜಾಸ್ತಿ. ಕದ್ದವರೂ ಬೆಳೆದರು, ಮೂಲದವರೂ ಬೆಳೆದರು. ಕೊನೆಯ ತೆರಿಗೆ ಹೋದ ಅದೇ 1861ರಲ್ಲಿ ಬೆಸ್ಲಿ ಫೌಂಡ್ರಿಯಿಂದ ಹೊರಬಂದರು.

ಅವರ ಜಾಗಕ್ಕೆ ಬಂದವರು ಚಾರ್ಲ್ಸ್ ರೀಡ್. ಆಗ ಫೌಂಡ್ರಿಗೆ ಹೊಸ ಹೆಸರು ಬಂತು: ರೀಡ್ ಅಂಡ್ ಫಾಕ್ಸ್. ಕ್ಲಾರೆಂಡನ್ ಕೊರೆದ ಕೈಯ ಹೆಸರು ಕೊನೆಗೂ ಬೋರ್ಡಿಗೆ ಏರಿತು, ಅಕ್ಷರ ಹೊರಬಂದು ಹದಿನಾರು ವರ್ಷಗಳ ಮೇಲೆ.

ಬೆಸ್ಲಿ ಮನೆಯಲ್ಲಿ ಕೂರುವ ಮನುಷ್ಯ ಅಲ್ಲ. ರಾಜಕೀಯದ ಕಡೆ ಒಲವಿತ್ತು. 1863ರಲ್ಲಿ ಲಂಡನ್ನಿನ ಶೆರಿಫ್ ಆದರು. 1869ರಲ್ಲಿ ಲಾರ್ಡ್ ಮೇಯರ್. ಲಂಡನ್ ಅಂದರೆ ಇಲ್ಲಿ ಇಡೀ ಮಹಾನಗರ ಅಲ್ಲ, ಸಿಟಿ ಅಂತ ಕರೆಯುವ ಸುಮಾರು ಒಂದು ಚದರ ಮೈಲಿಯ ಹಳೇ ಪೇಟೆ. ಬ್ಯಾಂಕು, ಷೇರುಪೇಟೆ, ಮಂಡಿಗಳೆಲ್ಲ ಇದ್ದದ್ದು ಅಲ್ಲೇ. ಮೇಯರ್ ಆರಿಸುವುದರಲ್ಲಿ ಕಸುಬುದಾರರ, ವರ್ತಕರ ಹಳೇ ಸಂಘಗಳಿಗೆ ದೊಡ್ಡ ಪಾಲು. ಶೆರಿಫ್ ಆಗದೆ ಮೇಯರ್ ಆಗುವಂತಿಲ್ಲ. ಅವಧಿ ಒಂದು ವರ್ಷ. ಆ ಕಾಲದಲ್ಲಿ ನವೆಂಬರ್ 9ಕ್ಕೆ ಹೊಸ ಮೇಯರ್ ಮೆರವಣಿಗೆ, 1757ರಲ್ಲಿ ಮಾಡಿಸಿದ ಚಿನ್ನದ ಬಣ್ಣದ ಸಾರೋಟು, ಬ್ಯಾಂಡು, ಬೀದಿಯ ಎರಡೂ ಕಡೆ ಜನ. ನಮ್ಮ ದಸರಾ ಮೆರವಣಿಗೆ ನೋಡಿದವರಿಗೆ ಅದರ ಸಂಭ್ರಮ ಊಹಿಸೋಕೆ ಬರುತ್ತದೆ, ಆನೆ ಒಂದು ಬಿಟ್ಟು. ಸಂಬಳಕ್ಕೆ ಸೇರಿದ ಊರಿಗೇ 43 ವರ್ಷದ ನಂತರ ಮೊದಲ ಪ್ರಜೆ. ಬೆಸ್ಲಿ ಮೇಯರ್ ಆಗಿದ್ದಾಗಲೇ, 1870ರ ಜುಲೈಯಲ್ಲಿ, ಥೇಮ್ಸ್ ನದಿ ದಂಡೆಯ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ರಸ್ತೆ ಉದ್ಘಾಟನೆ ಆಯಿತು. ಲಂಡನ್ನಿಗೆ ಹೋದವರು ಈಗಲೂ ಅದರ ಮೇಲೆ ಓಡಾಡುತ್ತಾರೆ.

1876ರ ಡಿಸೆಂಬರಿನಲ್ಲಿ ಬೆಸ್ಲಿ ತೀರಿಕೊಂಡರು. ಎಂಬತ್ತೆರಡರ ತುಂಬು ಜೀವನ.

ಅಕ್ಷರದ ಪ್ರಯಾಣ ಮಾತ್ರ ಆಮೇಲೆ ಇನ್ನೂ ದೊಡ್ಡದಾಯಿತು. 1884ರಿಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕಂತು ಕಂತಾಗಿ ಬರತೊಡಗಿತು. ಅದರಲ್ಲಿ ಪ್ರತಿ ಮುಖ್ಯ ಪದವನ್ನೂ ಕ್ಲಾರೆಂಡನ್‌ನಲ್ಲಿ ಜೋಡಿಸಿದರು. ಇಂಗ್ಲೆಂಡಿನ ಕಂಪೋಸಿಟರುಗಳ ಬಾಯಲ್ಲಿ ಕ್ಲಾರೆಂಡನ್ ಅಂದರೆ ಯಾವುದೇ ದಪ್ಪಕ್ಷರ ಅಂತಲೇ ಅರ್ಥ ಆಗಿಹೋಯಿತು. ನಮ್ಮಲ್ಲಿ ಯಾವ ಕಂಪನಿಯ ಕಾಪಿ ಯಂತ್ರ ಆದರೂ ಜೆರಾಕ್ಸ್ ಅನ್ನುವ ಹಾಗೆ. ಒಂದು ಹೆಸರು ಹೀಗೆ ಎಲ್ಲರ ಬಾಯಿಗೆ ಬಿದ್ದರೆ ಮಾಲೀಕನ ಕೈ ತಪ್ಪಿದಂತೆಯೇ.

ಅಮೆರಿಕದಲ್ಲಿ ಕಥೆ ಬೇರೆ. ನ್ಯೂಯಾರ್ಕ್‌ನ ಡೇರಿಯಸ್ ವೆಲ್ಸ್ 1827ರಲ್ಲೇ ದೊಡ್ಡ ಅಕ್ಷರಗಳನ್ನು ಮರದಲ್ಲಿ ಯಂತ್ರದಿಂದ ಕೊರೆಯುವ ವಿಧಾನ ಕಂಡುಹಿಡಿದಿದ್ದರು. ಸೀಸದಲ್ಲಿ ಗೇಣುದ್ದದ ಮೊಳೆ ಮಾಡಿದರೆ ಭಾರ, ದುಬಾರಿ, ಬಿದ್ದರೆ ಒಡೆಯುತ್ತದೆ. ಮರ ಹಗುರ, ಅಗ್ಗ. ಕ್ಲಾರೆಂಡನ್ ಮರಕ್ಕೆ ಇಳಿದದ್ದೇ ಸರ್ಕಸ್ಸು, ನಾಟಕ, ಹರಾಜಿನ ಪೋಸ್ಟರುಗಳೆಲ್ಲ ಅದರಲ್ಲೇ ಬಂದವು. ಕೌಬಾಯ್ ಸಿನಿಮಾಗಳಲ್ಲಿ ದರೋಡೆಕೋರನ ಮುಖ ಹಾಕಿ ಬಹುಮಾನ ಘೋಷಿಸುವ ಪೋಸ್ಟರ್ ಇರುತ್ತದಲ್ಲ, ಆ ಅಕ್ಷರ ಈ ಮನೆತನದ್ದೇ. ಸಾಲಿನೊಳಗೆ ತಗ್ಗಿದ ದನಿಯಲ್ಲಿ ಮಾತಾಡಲಿ ಅಂತ ಮಾಡಿದ ಅಕ್ಷರ ಅಲ್ಲಿ ಮತ್ತೆ ಗೋಡೆ ಹತ್ತಿ ಕೂಗಾಡಿತು. ಆಮೇಲಿನ ಕಾಲದಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ದಾರಿ ಫಲಕಗಳಿಗೂ ಕ್ಲಾರೆಂಡನ್ ಬಂತು.

ದಿನಪತ್ರಿಕೆಗಳಿಗೂ ಈ ಮನೆತನ ಉಪಕಾರ ಮಾಡಿದೆ. ಒರಟು ಕಾಗದ, ನೀರಾದ ಮಸಿ, ಗಂಟೆಗೆ ಸಾವಿರಾರು ಪ್ರತಿ ಉಗುಳುವ ಯಂತ್ರ. ತೆಳ್ಳಗಿನ ಗೆರೆಯ ಚೆಂದದ ಅಕ್ಷರಗಳು ಅಲ್ಲಿ ಮುರಿದು, ಹೊಟ್ಟೆ ಮಸಿಯಿಂದ ತುಂಬಿ ಓದಲು ಬಾರದಂತಾಗುತ್ತಿದ್ದವು. 1925ರ ಹೊತ್ತಿಗೆ ಅಮೆರಿಕದ ಲೈನೋಟೈಪ್ ಕಂಪನಿ ಅಯಾನಿಕ್ ನಂಬರ್ 5 ಎಂಬ ಅಕ್ಷರ ತಂದಿತು. ಕ್ಲಾರೆಂಡನ್, ಅಯಾನಿಕ್‌ಗಳ ದೊಡ್ಡ ಹೊಟ್ಟೆ, ಗಟ್ಟಿ ಪಾದಗಳನ್ನೇ ತೆಗೆದುಕೊಂಡು ಮೈಯನ್ನು ಸ್ವಲ್ಪ ಸಣ್ಣ ಮಾಡಿದ ಅಕ್ಷರ ಅದು. ಇಂಗ್ಲಿಷ್ ಪೇಪರುಗಳ ಒಳಪುಟದ ಅಕ್ಷರಗಳು ಹಲವು ದಶಕ ಇದೇ ದಾರಿ ಹಿಡಿದವು. ಬೋರ್ಡ್ ಬರೆಸುವವರಿಗೂ ಇದರಲ್ಲಿ ತಿಳಿಯುವ ಸಂಗತಿ ಇದೆ. ಫ್ಲೆಕ್ಸಿನಲ್ಲಿ ತೆಳ್ಳನೆಯ ಅಲಂಕಾರದ ಅಕ್ಷರ ಕಂಪ್ಯೂಟರ್ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಆರು ತಿಂಗಳ ಬಿಸಿಲಿಗೆ ಬಣ್ಣ ಹಾರಿದ ಮೇಲೆ ಉಳಿಯುವುದು ದಪ್ಪ ಪಾದದ ಅಕ್ಷರವೇ. ಆದರೆ ಬೋರ್ಡಿನ ಎಲ್ಲ ಸಾಲನ್ನೂ ಅದರಲ್ಲೇ ಬರೆಸಿದರೆ ಫೋನ್ ನಂಬರ್ ಯಾವುದು, ಅಂಗಡಿ ಹೆಸರು ಯಾವುದು ಅಂತ ತಿಳಿಯದೆ ಗಿರಾಕಿ ಮುಂದೆ ಹೋಗಿಬಿಡುತ್ತಾನೆ.

ಫ್ಯಾನ್ ಸ್ಟ್ರೀಟ್ ಫೌಂಡ್ರಿ ರೀಡ್ ಮನೆತನದ ಕೈಯಲ್ಲಿ ಉಳಿಯಿತು. ಚಾರ್ಲ್ಸ್ ರೀಡ್ ಮಗ ಟಾಲ್ಬಟ್ ಬೇನ್ಸ್ ರೀಡ್ ಶಾಲಾ ಹುಡುಗರ ಕಥೆ ಬರೆದು ಹೆಸರಾದವರು, 1887ರಲ್ಲಿ ಇಂಗ್ಲೆಂಡಿನ ಹಳೇ ಫೌಂಡ್ರಿಗಳ ಇತಿಹಾಸವನ್ನೂ ಬರೆದರು. 1905ರಲ್ಲಿ ಶೆಫೀಲ್ಡ್‌ನ ಸ್ಟೀಫೆನ್ಸನ್ ಬ್ಲೇಕ್ ಕಂಪನಿ ಫೌಂಡ್ರಿಯನ್ನು ಕೊಂಡುಕೊಂಡಿತು. ಆಮೇಲೆ ನಯವಾದ, ಪಾದವೇ ಇಲ್ಲದ ಅಕ್ಷರಗಳ ಫ್ಯಾಷನ್ ಬಂದು ಕ್ಲಾರೆಂಡನ್ ಅಜ್ಜನ ಕಾಲದ್ದು ಅನಿಸಿಕೊಂಡಿತು. ಮತ್ತೆ ಎಬ್ಬಿಸಿದ್ದು ಸ್ವಿಟ್ಜರ್ಲೆಂಡ್. ಬಾಸೆಲ್ ಬಳಿಯ ಹಾಸ್ ಫೌಂಡ್ರಿಗೆ ಹರ್ಮನ್ ಐಡೆನ್‌ಬೆಂಜ್ 1953ರಲ್ಲಿ ಹೊಸದಾಗಿ ಬರೆದುಕೊಟ್ಟ ಕ್ಲಾರೆಂಡನ್ ಯುರೋಪು, ಅಮೆರಿಕದ ಜಾಹೀರಾತಿನವರಿಗೆ ಹಿಡಿಸಿತು. ಇವತ್ತು ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಕ್ಲಾರೆಂಡನ್ ಹೆಸರು ಕಂಡರೆ ಅದು ಹೆಚ್ಚಾಗಿ ಇದರ ಪೀಳಿಗೆಯದ್ದು.

ಮೇಯರ್ ಆಗಿದ್ದವರ ಹೆಸರು ಲಂಡನ್ನಿನ ಮೇಯರುಗಳ ಪಟ್ಟಿಯಲ್ಲಿ ನೂರಾರು ಹೆಸರುಗಳ ನಡುವೆ ಒಂದಾಗಿ ಉಳಿಯಿತು. ಅಕ್ಷರದ ಹೆಸರಲ್ಲಿ ಬೆಸ್ಲಿ ಇರಲಿಲ್ಲ. ಈಚಿನ ವರ್ಷಗಳಲ್ಲಿ ಮಾತ್ರ ಆ ಹಳೇ ಕ್ಲಾರೆಂಡನ್ ಅನ್ನೇ ಮಾದರಿ ಮಾಡಿಕೊಂಡ ಒಂದು ಕಂಪ್ಯೂಟರ್ ಫಾಂಟ್‌ಗೆ ಬೆಸ್ಲಿ ಅಂತಲೇ ಹೆಸರಿಟ್ಟಿದ್ದಾರೆ. ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತದೆ. ನೋಂದಣಿ ಇಲ್ಲ, ಮೂರು ವರ್ಷದ ಲೆಕ್ಕವಿಲ್ಲ, ಪೈಸೆ ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಂಡು ಬಿಲ್ ಬುಕ್ಕಿಗೋ ಬೋರ್ಡಿಗೋ ಹಾಕಿಕೊಳ್ಳಬಹುದು. ಕನ್ನಡದ ಅಕ್ಷರ ಅದರಲ್ಲಿಲ್ಲ, ಇಂಗ್ಲಿಷ್ ಸಾಲಿಗೆ ಮಾತ್ರ ಬರುತ್ತದೆ.